ಡೋಲು ಯಾರ ಅಪ್ಪಣೆಗೆ?
ತುಳುನಾಡಿನ ಕೊರಗ ಸಮುದಾಯದ ಚರಿತ್ರೆ ಮತ್ತು ಕ್ರೈಸ್ತ ಸಭೆಯ ಹೊಣೆ

1. ಪೀಠಿಕೆ

1801ರ ಆರಂಭದ ತಿಂಗಳುಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾದ ಫ್ರಾನ್ಸಿಸ್ ಬುಕಾನನ್ ಮಂಗಳೂರಿನಿಂದ ಹೊರಟು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮಾರ್ಗವಾಗಿ ಕಾರ್ಕಳದತ್ತ ಪ್ರಯಾಣ ಬೆಳೆಸಿದನು. ಟಿಪ್ಪುವಿನ ಪತನವಾಗಿ ಎರಡು ವರ್ಷ ತುಂಬುವುದರೊಳಗೆ, ಹೊಸದಾಗಿ ಕೈಸೇರಿದ ನಾಡಿನ ಬೆಳೆ, ಕಂದಾಯ, ಜನಜೀವನಗಳನ್ನು ಕಂಡು ವರದಿ ಮಾಡುವುದು ಅವನಿಗೆ ವಹಿಸಲಾಗಿದ್ದ ಕಾರ್ಯ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಜೈನ ಬಸದಿಗಳು, ಬತ್ತದ ಗದ್ದೆಗಳು, ಘಟ್ಟದ ಮೇಲಿನ ವ್ಯಾಪಾರ ಇವೆಲ್ಲವೂ ಬರುತ್ತವೆ. ಅವುಗಳೊಂದಿಗೆ ಗದ್ದೆಗಳಲ್ಲಿ ದುಡಿಯುವ ಆಳುಗಳ ದಾಸ್ಯವೂ ದಾಖಲಾಗಿದೆ. ಒಡೆಯನು ತನ್ನ ಆಳನ್ನು ಮಾರಬಹುದಾಗಿದ್ದ, ಒತ್ತೆಯಿಡಬಹುದಾಗಿದ್ದ ಕಾಲವದು.

ಅಂದು ಬುಕಾನನ್ ನಡೆದ ಅದೇ ದಾರಿಯಲ್ಲಿ ಇಂದು ನಮ್ಮ ಬೋಧಕರೂ ಗುರುಗಳೂ ದಿನವೂ ಸಂಚರಿಸುತ್ತಾರೆ. ಬಂಟ್ವಾಳ ಮತ್ತು ಮೂಡುಬಿದಿರೆ ಪುರಸಭೆಗಳಾಗಿವೆ. ಬೆಳ್ತಂಗಡಿ ಪಟ್ಟಣ ಪಂಚಾಯತಿಯಾಗಿದೆ. ಈ ಪೇಟೆಗಳ ಅಂಚಿನಲ್ಲಿ, ಗ್ರಾಮಗಳ ಗುಡ್ಡದ ಬದಿಯಲ್ಲಿ, ಕೊರಗ ಸಮುದಾಯದ ಚಿಕ್ಕ ಚಿಕ್ಕ ಕಾಲನಿಗಳಿವೆ. ಹಿಂದೆ ಇವುಗಳಿಗೆ ಕೊಪ್ಪು ಎಂಬ ಹೆಸರಿತ್ತು. ಸೊಪ್ಪಿನಿಂದ ಹೊದೆಸಿದ ಗುಡಿಸಲು ಎಂಬುದೇ ಅದರ ಅರ್ಥ. ಈ ಲೇಖನವು ಆ ಕೊಪ್ಪುಗಳ ಚರಿತ್ರೆಯನ್ನು ಒಂದು ವಾದ್ಯದ ಮೂಲಕ, ಅಂದರೆ ಕೊರಗರ ಡೋಲಿನ ಮೂಲಕ, ಓದುವ ಪ್ರಯತ್ನವಾಗಿದೆ. ಒಂದೇ ವಾದ್ಯವು ಒಂದು ಜನಾಂಗಕ್ಕೆ ಸಂಕೋಲೆಯೂ ಆಗಿ, ಬಳಿಕ ಅದೇ ಜನಾಂಗದ ಕೊರಳೂ ಆಗಬಲ್ಲದು ಎಂಬುದನ್ನು ಚರಿತ್ರೆ ತೋರಿಸುತ್ತದೆ. ಆ ಬದಲಾವಣೆಯಲ್ಲಿ ಸಭೆಯು ಎಲ್ಲಿ ನಿಂತಿತ್ತು, ಇನ್ನು ಮುಂದೆ ಎಲ್ಲಿ ನಿಲ್ಲಬೇಕು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

2. ನಾಡಿನ ನಡುವೆ, ನಾಡಿನ ಹೊರಗೆ

ಕೊರಗರು ದಕ್ಷಿಣ ಕನ್ನಡ, ಉಡುಪಿ ಮತ್ತು ಕಾಸರಗೋಡು ಜಿಲ್ಲೆಗಳಲ್ಲಿ ನೆಲೆಸಿರುವ ಆದಿವಾಸಿ ಜನಾಂಗ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಇವರ ಸಂಖ್ಯೆ ಸುಮಾರು 15,000. ಅದು ಹಿಂದಿನ ಗಣತಿಗಿಂತ ಕಡಿಮೆ. ರಾಜ್ಯದಲ್ಲಿ ವಿಶೇಷವಾಗಿ ದುರ್ಬಲವೆಂದು ಗುರುತಿಸಲಾದ ಬುಡಕಟ್ಟುಗಳು ಎರಡೇ, ಜೇನುಕುರುಬರು ಮತ್ತು ಕೊರಗರು. ಇವರಿಗೆ ತಮ್ಮದೇ ಆದ ದ್ರಾವಿಡ ಭಾಷೆಯಿದೆ. ಡಿ. ಎನ್. ಶಂಕರ ಭಟ್ಟರು 1971ರಲ್ಲಿ ಪ್ರಕಟಿಸಿದ ಅಧ್ಯಯನವು ಆ ಭಾಷೆಯ ಒಳಭೇದಗಳನ್ನು ಗುರುತಿಸಿತು. ಆದರೆ ಹೊರಗಿನವರೊಡನೆ ಕೊರಗರು ತುಳುವನ್ನೋ ಕನ್ನಡವನ್ನೋ ಆಡುವುದರಿಂದ, ಅವರಿಗೊಂದು ಭಾಷೆಯಿದೆ ಎಂಬ ಅರಿವೇ ನೆರೆಯವರಲ್ಲಿ ಅನೇಕರಿಗೆ ಇರಲಿಲ್ಲ. ನೂರಾರು ವರ್ಷ ಜೊತೆಯಲ್ಲಿ ಬಾಳಿಯೂ ನೆರೆಯವನ ಮನೆಮಾತು ಯಾವುದೆಂದು ಕೇಳದಿರುವುದು ಒಂದು ಬಗೆಯ ಅಸ್ಪೃಶ್ಯತೆಯೇ ಸರಿ.

ವಸಾಹತುಶಾಹಿ ಕಾಲದ ಬರಹಗಾರರು ಕೊರಗರಲ್ಲಿ ಸೊಪ್ಪು ಕೊರಗ, ಕುಂಟು ಕೊರಗ, ಅಂಡೆ ಕೊರಗ ಎಂಬ ಪಂಗಡಗಳನ್ನು ಹೆಸರಿಸಿದ್ದಾರೆ. ಮೊದಲನೆಯವರು ಎಲೆಗಳನ್ನು ಉಡುತ್ತಿದ್ದವರು. ಎರಡನೆಯವರು ಬಟ್ಟೆ ಉಡುತ್ತಿದ್ದವರು. ಮೂರನೆಯವರು ಕೊರಳಿಗೆ ಅಂಡೆ ಕಟ್ಟಿಕೊಂಡು ತಿರುಗಬೇಕಾಗಿದ್ದವರು. ಅವರ ಉಗುಳು ನೆಲಕ್ಕೆ ಬಿದ್ದರೆ ದಾರಿ ಮೈಲಿಗೆಯಾಗುತ್ತದೆ ಎಂಬುದು ಆ ಅಂಡೆಗೆ ಕಾರಣವಾಗಿತ್ತು. ಅದೇ ಬರಹಗಾರರು ಇನ್ನೊಂದು ಐತಿಹ್ಯವನ್ನೂ ಬರೆದಿಟ್ಟರು: ಹಿಂದೆ ಹುಬಾಶಿಕನೆಂಬ ಕೊರಗರ ಅರಸನು ಈ ನಾಡನ್ನು ಆಳಿದ್ದನು, ಮೋಸದಿಂದ ಅವನು ಹತನಾದ ಮೇಲೆ ಅವನ ಜನರು ಕಾಡು ಸೇರಿದರು ಎಂಬುದು ಅದರ ಸಾರ. ಶಾಸನಗಳ ಆಧಾರ ಇದಕ್ಕಿಲ್ಲ. ಆದರೂ ಅರಸುತನದ ನೆನಪನ್ನು ಕಾಯ್ದುಕೊಂಡ ಜನಾಂಗವು ದಾಸ್ಯವನ್ನು ತನ್ನ ಸಹಜ ಸ್ಥಿತಿಯೆಂದು ಒಪ್ಪಿರಲಿಲ್ಲ ಎಂಬುದಕ್ಕೆ ಈ ಐತಿಹ್ಯವೇ ಸಾಕ್ಷಿಯಾಗಿದೆ.

ಕಾಡಿನ ಬೀಳಲು ಮತ್ತು ಬಿದಿರುಗಳಿಂದ ಬುಟ್ಟಿ ಹೆಣೆಯುವುದು ಕೊರಗರ ಕುಲಕಸುಬು. ತುಳುನಾಡಿನ ಯಾವ ಜಾತಿಯ ಅಡುಗೆಮನೆಯೂ ಅವರ ಕೈಯಿಂದ ಬಂದ ಬುಟ್ಟಿಯಿಲ್ಲದೆ ನಡೆಯುತ್ತಿರಲಿಲ್ಲ. ಕೈ ಮೈಲಿಗೆ, ಕೈ ಹೆಣೆದ ಬುಟ್ಟಿ ಮಡಿ. ಈ ವಿರೋಧಾಭಾಸದ ಮೇಲೆಯೇ ಊರಿನ ಬದುಕು ನಿಂತಿತ್ತು. 1882ರ ಮದ್ರಾಸ್ ಅರಣ್ಯ ಕಾಯಿದೆಯಿಂದ ಮೊದಲ್ಗೊಂಡು ಅರಣ್ಯ ಕಾನೂನುಗಳು ಬಿಗಿಯಾದಂತೆ ಬೀಳಲು ತರಲು ಕಾಡಿಗೆ ಹೋಗುವುದೇ ಅಪರಾಧವಾಯಿತು; ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ಲಾಸ್ಟಿಕ್ ಬುಟ್ಟಿಯು ಮಾರುಕಟ್ಟೆಯನ್ನೂ ಕಸಿದುಕೊಂಡಿತು. ಇನ್ನೊಂದೆಡೆ ಮಂಗಳೂರಿನಂಥ ಪಟ್ಟಣಗಳ ಪೌರಾಡಳಿತ ಬೆಳೆದಂತೆ, ಮಲ ಹೊರುವ ಮತ್ತು ಬೀದಿ ಗುಡಿಸುವ ಕೆಲಸಕ್ಕೆ ಕೊರಗರನ್ನೇ ನೇಮಿಸಿಕೊಳ್ಳಲಾಯಿತು. ಹೀಗೆ ಹಳ್ಳಿಯ ಅಸ್ಪೃಶ್ಯತೆಯು ಪಟ್ಟಣಕ್ಕೆ ಬಂದಾಗ ಅಳಿಯಲಿಲ್ಲ. ಸಂಬಳದ ಪಟ್ಟಿಯಲ್ಲಿ ಸ್ಥಾನ ಪಡೆಯಿತು.

3. ಅಜಲು: ಅಪ್ಪಣೆಯ ನಾದ

ಕೊರಗರ ಡೋಲು ಮರದ ಕಳಸಿಗೆಗೆ ಎರಡೂ ಬದಿಯಲ್ಲಿ ಚರ್ಮ ಬಿಗಿದ ದೊಡ್ಡ ವಾದ್ಯ. ಕೊಳಲಿನೊಡನೆ ಅದು ನುಡಿದಾಗ ಕೊಪ್ಪಿನ ಗಂಡಸರೂ ಹೆಂಗಸರೂ ವೃತ್ತವಾಗಿ ಕುಣಿಯುತ್ತಾರೆ. ಹುಟ್ಟು, ಮದುವೆ, ಸುಗ್ಗಿಗಳಲ್ಲಿ ಅದು ಅವರ ಸ್ವಂತ ಸಂತೋಷದ ನಾದ. ಆದರೆ ಊರಿಗೆ ಅದು ಬೇರೆಯದೇ ಕಾರಣಕ್ಕೆ ಬೇಕಾಗಿತ್ತು. ಜಾತ್ರೆ, ಕೋಲ, ಕಂಬಳಗಳ ದಿನ ಕೊರಗರು ದೂರದಲ್ಲಿ ನಿಂತು ಡೋಲು ಬಾರಿಸಬೇಕಿತ್ತು. ಕೇಳಲು ಎಲ್ಲರಿಗೂ ಹಕ್ಕು. ಬಾರಿಸಿದವನಿಗೆ ಅಂಗಳ ತುಳಿಯುವ ಹಕ್ಕಿಲ್ಲ. ಕೂಲಿಯೂ ಇಲ್ಲ, ದೊರೆಯುತ್ತಿದ್ದುದು ಉಳಿದ ಅನ್ನ, ಹಳೆಯ ಬಟ್ಟೆ.

ಈ ಕಡ್ಡಾಯ ಸೇವೆಗೆ ಅಜಲು ಎಂದು ಹೆಸರು. ಡೋಲು ಅದರ ಒಂದು ಮುಖ ಮಾತ್ರ. ಕಂಬಳದ ಹಿಂದಿನ ರಾತ್ರಿ ಚಳಿಯಲ್ಲಿ ಗದ್ದೆಯ ಬಳಿ ಕುಳಿತು ಡೋಲು ಬಾರಿಸುವುದು, ಕೋಣಗಳಿಗಿಂತ ಮುಂಚೆ ಕೆಸರಿನಲ್ಲಿ ಓಡಿ ಮುಳ್ಳು, ಗಾಜುಗಳಿಲ್ಲವೆಂದು ತೋರಿಸುವುದು, ಮನೆಯಲ್ಲಿ ಕಾಯಿಲೆಯೋ ಕಂಟಕವೋ ಬಂದಾಗ ಕೂದಲು, ಉಗುರುಗಳನ್ನು ಬೆರೆಸಿದ ಅನ್ನವನ್ನು ತಿಂದು ಆ ಅನಿಷ್ಟವನ್ನು ತನ್ನ ಮೈಮೇಲೆ ಎಳೆದುಕೊಳ್ಳುವುದು ಇವೆಲ್ಲವೂ ಅಜಲಿಗೆ ಸೇರಿದ್ದವು. ಕೊನೆಯ ಆಚರಣೆಯನ್ನು ಓದುವ ದೇವಶಾಸ್ತ್ರ ವಿದ್ಯಾರ್ಥಿಗೆ ಯಾಜಕಕಾಂಡದ 16ನೆಯ ಅಧ್ಯಾಯದ ಹೋತವು ನೆನಪಾಗದೆ ಇರದು. ಜನರ ಪಾಪವನ್ನು ಹೊತ್ತು ಅಡವಿಗೆ ಹೋಗುವ ಆ ಪ್ರಾಣಿಯ ಸ್ಥಾನದಲ್ಲಿ ಇಲ್ಲಿ ಮನುಷ್ಯನನ್ನು, ಅದೂ ಹುಟ್ಟಿನಿಂದಲೇ ಆರಿಸಲ್ಪಟ್ಟ ಮನುಷ್ಯನನ್ನು, ನಿಲ್ಲಿಸಲಾಗಿತ್ತು.

ಭಾರತದಲ್ಲಿ ದಾಸ್ಯಕ್ಕೆ ಕಾನೂನಿನ ಮನ್ನಣೆಯನ್ನು ತೆಗೆದದ್ದು 1843ರ ಐದನೆಯ ಕಾಯಿದೆ; ಅದನ್ನು ದಂಡನೀಯ ಅಪರಾಧವನ್ನಾಗಿಸಿದ್ದು 1860ರ ದಂಡ ಸಂಹಿತೆ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ಅನುಚ್ಛೇದ ನಿಷೇಧಿಸಿತು. ಇಷ್ಟಾದರೂ ಅಜಲು ಹೆಸರು ಹಿಡಿದು ನಿಷಿದ್ಧವಾಗಲು 2000ದ ಕರ್ನಾಟಕ ಕೊರಗರ (ಅಜಲು ಪದ್ಧತಿ ನಿಷೇಧ) ಅಧಿನಿಯಮವೇ ಬರಬೇಕಾಯಿತು. ಮಲಿನ ಅನ್ನ ತಿನ್ನಿಸುವುದನ್ನೂ ಕೋಣಗಳಂತೆ ಓಡಿಸುವುದನ್ನೂ ಶಾಸನವೊಂದು ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲಲ್ಲಿ ವಿವರವಾಗಿ ಹೇಳಿ ನಿಷೇಧಿಸಬೇಕಾಯಿತೆಂಬುದೇ ಈ ನಾಡಿನ ಆತ್ಮಪರೀಕ್ಷೆಗೆ ಸಾಕಾದ ವಿಷಯ.

ಇದೇ ನಾಡಿನಲ್ಲಿ ಕೊರಗ ತನಿಯ ದೈವವಾಗಿದ್ದಾನೆ. ಬಿಲ್ಲವ ತಾಯಿಯೊಬ್ಬಳು ಸಾಕಿದ ಅನಾಥ ಕೊರಗ ಬಾಲಕನು, ದೇವಸ್ಥಾನಕ್ಕೆ ಹರಕೆಯ ಹೊರೆ ಹೊತ್ತು ತಂದು, ಒಳಗೆ ಪ್ರವೇಶವಿಲ್ಲದೆ ಹೊರಗೆ ನಿಂತು, ಮಾದಳದ ಹಣ್ಣಿಗೆ ಕೈಚಾಚಿದಾಗ ಮಾಯವಾದನೆಂದು ಪಾಡ್ದನದ ಕಥೆ. ಇಂದು ಕೊರಗಜ್ಜನಿಗೆ ಹರಕೆ ಹೇಳದ ಜಾತಿ ತುಳುನಾಡಿನಲ್ಲಿ ವಿರಳ. ಹೊರಗೆ ನಿಲ್ಲಿಸಲ್ಪಟ್ಟವನು ಪೂಜ್ಯನಾದನು. ಅವನ ಮಕ್ಕಳು ಹೊರಗೇ ಉಳಿದರು. ನೆರೆಯವರ ಈ ಮರೆವನ್ನು ಕಂಡು ನಾವು ಬೆರಳು ತೋರಿಸುವ ಮೊದಲು, ಊರ ಬಾಗಿಲ ಹೊರಗೆ ಶ್ರಮೆಪಟ್ಟವನನ್ನು ಆರಾಧಿಸುವ ನಮ್ಮ ಸಭೆಗಳ ಬಾಗಿಲ ಹೊರಗೆ ಯಾರಿದ್ದಾರೆಂದು ನೋಡಿಕೊಳ್ಳುವುದು ಒಳಿತು.

4. ಮಿಶನ್ನಿನ ಕಾಲ

ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರ್ 30ರಂದು ಮಂಗಳೂರಿಗೆ ಬಂದಿಳಿದರು. ಅದೇ ವರ್ಷದ ಆಗಸ್ಟ್ 1ರಂದು ಬ್ರಿಟಿಷ್ ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮಗಿರಿ ರದ್ದಾಗಿತ್ತು. ಈ ಎರಡು ಘಟನೆಗಳಿಗೆ ನೇರ ಸಂಬಂಧವಿಲ್ಲ. ಆದರೂ ದಾಸ್ಯದ ಪ್ರಶ್ನೆಯು ಯುರೋಪಿನ ಕ್ರೈಸ್ತ ಮನಸ್ಸಾಕ್ಷಿಯನ್ನು ಕಲಕಿದ್ದ ಕಾಲದಲ್ಲಿ ಮಿಶನ್ ಇಲ್ಲಿಗೆ ಬಂದಿತೆಂಬುದು ಗಮನಾರ್ಹ.

ಇಲ್ಲಿ ಮಿಶನ್ ಸಲ್ಲಿಸಿದ ಸೇವೆಯನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಜಾತಿಯಿಂದ ಹೊರಹಾಕಲ್ಪಟ್ಟ ವಿಶ್ವಾಸಿಗಳಿಗೆ ನೇಯ್ಗೆಯೂ, 1865ರಿಂದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯೂ ಅನ್ನ ನೀಡಿದವು. ಗ್ರೈನರ್ ತುಳುವಿಗೆ ಹೊಸ ಒಡಂಬಡಿಕೆಯನ್ನು ತಂದರು. ಬ್ರಿಗೆಲ್ 1872ರಲ್ಲಿ ತುಳು ವ್ಯಾಕರಣವನ್ನು, ಮ್ಯಾನರ್ 1886ರಲ್ಲಿ ತುಳು ನಿಘಂಟನ್ನು ಹೊರತಂದರು. ದೈವಗಳ ಪಾಡ್ದನಗಳನ್ನು ಸಂಗ್ರಹಿಸಿ ಅಚ್ಚುಹಾಕಿದ್ದೂ ಮಿಶನ್ನಿನ ಮುದ್ರಣಾಲಯವೇ. ಆದರೆ ವಿಶ್ವಾಸಿಗಳು ಕೋಲದಲ್ಲಿ ಭಾಗವಹಿಸುವುದನ್ನು ಸಭಾ ಶಿಸ್ತು ಕಟ್ಟುನಿಟ್ಟಾಗಿ ನಿಷೇಧಿಸಿತ್ತು. ಪಾಡ್ದನವು ಪುಸ್ತಕವಾಗಿ ಕಪಾಟನ್ನು ಸೇರಬಹುದಿತ್ತು. ಹಾಡುವವನು ಅದನ್ನು ಹೊರಗೆ ಬಿಟ್ಟು ದೇವಾಲಯಕ್ಕೆ ಬರಬೇಕಿತ್ತು. ಆರಾಧನೆಯ ನಾದವು ಜರ್ಮನ್ ಕೋರಲ್ ಮತ್ತು ಹಾರ್ಮೋನಿಯಮ್ಮಿನದಾಯಿತು.

ಈ ನಿಲುವನ್ನು ಕೇವಲ ಸಾಂಸ್ಕೃತಿಕ ದರ್ಪವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕೋಲದ ಅಂಗಳವು ಊರಿನ ಒಡೆತನವು ತನ್ನನ್ನು ಮೆರೆಸಿಕೊಳ್ಳುವ ಸ್ಥಳವೂ ಆಗಿತ್ತು. ಅಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬುದು ಮೊದಲೇ ನಿಗದಿಯಾಗಿತ್ತು. ಅಲ್ಲಿಂದ ಹೊರಬರುವುದು ಕೆಳಸ್ತರದವನಿಗೆ ನಿಜವಾದ ಬಿಡುಗಡೆಯೂ ಆಗಬಹುದಿತ್ತು. ಮಿಶನ್ನಿನ ತಪ್ಪು ನಿಷೇಧದಲ್ಲಿಲ್ಲ, ಅಪೂರ್ಣವಾದ ವಿವೇಚನೆಯಲ್ಲಿದೆ. ಅಪ್ಪಣೆಯನ್ನೂ ನಾದವನ್ನೂ ಅದು ಬೇರ್ಪಡಿಸಿ ನೋಡಲಿಲ್ಲ. ಒಡೆಯನ ಅಪ್ಪಣೆಯು ಬಿದ್ದುಹೋದ ಮೇಲೆ ಡೋಲು ಏನನ್ನು ನುಡಿಯಬಲ್ಲದು ಎಂಬ ಪ್ರಶ್ನೆಯನ್ನು ಅದು ಕೇಳಲಿಲ್ಲ. ಅಲ್ಲದೆ ಮಿಶನ್ನಿನ ಸಭೆಗಳು ಬಹುಮಟ್ಟಿಗೆ ಬಿಲ್ಲವರ ನಡುವೆ ಬೆಳೆದವು. 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಸ್ಥಾಪಿಸಿದ ಕುದ್ಮುಲ್ ರಂಗರಾಯರಂಥವರು ಶೋಷಿತರಿಗಾಗಿ ಶಾಲೆ ತೆರೆದಾಗ, ನಮ್ಮ ಸುವಾರ್ತೆಯು ತಲುಪದೆ ಬಿಟ್ಟ ದಾರಿಗಳನ್ನು ಬೇರೆಯವರು ತುಳಿಯಬೇಕಾಯಿತೆಂದು ವಿನಯದಿಂದ ಒಪ್ಪಬೇಕಾಗಿದೆ.

5. ದೂರದ ಒಂದು ಬಡಾವಣೆಯ ಪಾಠ

ಅಪ್ಪಣೆ ಮತ್ತು ನಾದ ಬೇರ್ಪಟ್ಟಾಗ ಏನಾಗುತ್ತದೆ ಎಂಬುದನ್ನು ತಿಳಿಯಲು ಕೆರಿಬಿಯನ್ನಿನ ಟ್ರಿನಿಡಾಡ್ ದ್ವೀಪದ ಚರಿತ್ರೆ ನೆರವಾಗುತ್ತದೆ. ರಾಜಧಾನಿ ಪೋರ್ಟ್ ಆಫ್ ಸ್ಪೇನಿನ ಪೂರ್ವಕ್ಕಿರುವ ಲಾವೆಂಟಿಲ್ ಬೆಟ್ಟದ ಮೇಲೆ, ಗುಲಾಮಗಿರಿಯಿಂದ ಬಿಡುಗಡೆಯಾದ ಆಫ್ರಿಕನ್ ಮೂಲದ ಜನರು ನೆಲೆಸಿದರು. 1881ರಲ್ಲಿ ಅಲ್ಲಿನ ಕಾರ್ನಿವಲ್ ಸಮಯದಲ್ಲಿ ಪೊಲೀಸರಿಗೂ ಜನರಿಗೂ ಘರ್ಷಣೆಯಾಯಿತು. ಬಳಿಕ 1884ರಲ್ಲಿ ವಸಾಹತು ಸರ್ಕಾರವು ಡೋಲು ಬಾರಿಸುವುದನ್ನು ನಿರ್ಬಂಧಿಸಿತು. ಜನರು ಬಿದಿರನ್ನು ಕಡಿದು ನೆಲಕ್ಕೆ ಕುಟ್ಟಿ ತಾಳ ಹಿಡಿದರು. 1930ರ ದಶಕದ ಕೊನೆಯಲ್ಲಿ ಬಿಸ್ಕತ್ತಿನ ಡಬ್ಬಿ, ಎಣ್ಣೆಯ ಪೀಪಾಯಿಗಳನ್ನು ಬಡಿದು ಹದಗೊಳಿಸಿ ಸ್ವರ ಹೊರಡಿಸಿದರು. ಹೀಗೆ ಹುಟ್ಟಿದ್ದು ಸ್ಟೀಲ್ ಪ್ಯಾನ್ ಎಂಬ ವಾದ್ಯ.

ಆರಂಭದಲ್ಲಿ ಅದನ್ನು ಬಾರಿಸುವವರನ್ನು ಪುಂಡರೆಂದು ಕರೆಯಲಾಗುತ್ತಿತ್ತು. 1951ರಲ್ಲಿ ಆ ದ್ವೀಪದ ತಂಡವು ಲಂಡನ್ನಿನ ಬ್ರಿಟನ್ ಉತ್ಸವದಲ್ಲಿ ನುಡಿಸಿತು. 1992ರಲ್ಲಿ ಪ್ಯಾನ್ ರಾಷ್ಟ್ರೀಯ ವಾದ್ಯವೆಂದು ಘೋಷಿತವಾಯಿತು. ನಮಗೆ ಇನ್ನೂ ಹತ್ತಿರದ ಸಂಗತಿಯೊಂದಿದೆ. ಡೋಲು, ಗಂಟೆ, ಭಾವಾವೇಶಗಳಿಂದ ಕ್ರಿಸ್ತನನ್ನು ಆರಾಧಿಸುತ್ತಿದ್ದ ಅಲ್ಲಿನ ಸ್ಪಿರಿಚುಯಲ್ ಬ್ಯಾಪ್ಟಿಸ್ಟ್ ಜನರ ಆರಾಧನೆಯನ್ನು 1917ರ ಶಾಸನವೊಂದು ನಿಷೇಧಿಸಿತ್ತು. 1951ರಲ್ಲಿ ಅದು ರದ್ದಾಯಿತು. ಕ್ರೈಸ್ತರನ್ನು ಕ್ರೈಸ್ತ ಸರ್ಕಾರವೇ ಅವರ ನಾದಕ್ಕಾಗಿ ಶಿಕ್ಷಿಸಿದ್ದ ಆ ಮೂವತ್ತನಾಲ್ಕು ವರ್ಷಗಳು ಸಭಾಚರಿತ್ರೆಯ ಪಾಠಗಳಲ್ಲಿ ಸೇರಲೇಬೇಕು.

ಆದರೂ ಹೋಲಿಕೆಯು ಇಲ್ಲಿಗೆ ನಿಲ್ಲುವುದಿಲ್ಲ. ಪ್ಯಾನ್ ರಾಷ್ಟ್ರದ ಹೆಮ್ಮೆಯಾದ ಮೇಲೂ ಲಾವೆಂಟಿಲ್ ಬಡತನ ಮತ್ತು ಹಿಂಸೆಗಳಿಂದ ನಲುಗುತ್ತಲೇ ಇದೆ. ವಾದ್ಯಕ್ಕೆ ಮಾನ ದೊರೆತ ಮಾತ್ರಕ್ಕೆ ವಾದಕನಿಗೆ ನ್ಯಾಯ ದೊರೆಯುವುದಿಲ್ಲ. ಈ ಎಚ್ಚರಿಕೆ ನಮ್ಮ ನಾಡಿಗೂ ಸಲ್ಲುತ್ತದೆ.

6. ಡೋಲು ಮರಳಿ ಮನೆಗೆ

1990ರ ದಶಕದಲ್ಲಿ ಕೊರಗರು ಸಂಘಟಿತರಾಗಿ ಭೂಮಿಯ ಹಕ್ಕನ್ನು ಕೇಳಿದರು. 1994ರಲ್ಲಿ ಡಾ. ಮಹಮ್ಮದ್ ಪೀರ್ ಅವರ ವರದಿಯು ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಕೃಷಿಭೂಮಿ ನೀಡಬೇಕೆಂದು ಶಿಫಾರಸು ಮಾಡಿತು. ಆ ಶಿಫಾರಸು ಪೂರ್ಣವಾಗಿ ಜಾರಿಯಾಗಿಲ್ಲವೆಂಬುದು ಸಮುದಾಯವು ಇಂದಿಗೂ ಎತ್ತುತ್ತಿರುವ ದೂರು. ಪ್ರತಿ ವರ್ಷ ಆಗಸ್ಟ್ 18ರಂದು ಆಚರಿಸುವ ಭೂಮಿ ಹಬ್ಬದಲ್ಲಿ ಡೋಲು ನುಡಿಯುತ್ತದೆ. ಅಲ್ಲಿ ಅಪ್ಪಣೆ ಕೊಡುವವರಿಲ್ಲ. ಬಾರಿಸುವವರೂ ಕುಣಿಯುವವರೂ ಕೇಳುವವರೂ ತಾವೇ.

ಸಮುದಾಯದ ಒಳಗೆ ಈ ಕುರಿತು ಏಕಾಭಿಪ್ರಾಯವಿಲ್ಲದಿರುವುದು ಸಹಜ. ಡೋಲಿನ ಸದ್ದೇ ತಮ್ಮ ಹಿರಿಯರ ಅವಮಾನವನ್ನು ನೆನಪಿಸುತ್ತದೆ, ಅದನ್ನು ಬಿಟ್ಟುಬಿಡುವುದೇ ಮರ್ಯಾದೆ ಎನ್ನುವವರಿದ್ದಾರೆ. ಅವಮಾನ ಡೋಲಿನದಲ್ಲ, ಅದನ್ನು ಬಾರಿಸಲು ಅಟ್ಟಿದವರದು, ಆದುದರಿಂದ ಅದನ್ನು ನಮ್ಮ ಕಲೆಯಾಗಿ ಉಳಿಸಿಕೊಳ್ಳೋಣ ಎನ್ನುವವರೂ ಇದ್ದಾರೆ. ಈ ವಾದದಲ್ಲಿ ತೀರ್ಪು ಕೊಡುವ ಅಧಿಕಾರ ಹೊರಗಿನವರಾದ ನಮಗಿಲ್ಲ. ಆದರೆ ಪವಿತ್ರ ಗ್ರಂಥದಲ್ಲಿ ಈ ಎರಡೂ ದನಿಗಳಿಗೆ ಸ್ಥಾನವಿದೆಯೆಂದು ನಾವು ಹೇಳಬಲ್ಲೆವು. ಕೀರ್ತನೆ 137ರಲ್ಲಿ ಸೆರೆಯಾಳುಗಳು ತಮ್ಮ ವಾದ್ಯಗಳನ್ನು ಮರಕ್ಕೆ ತೂಗುಹಾಕುತ್ತಾರೆ. ಸೆರೆಹಿಡಿದವರ ವಿನೋದಕ್ಕಾಗಿ ಹಾಡಲು ಅವರು ಒಪ್ಪುವುದಿಲ್ಲ. ಆ ಮೌನವು ನಂಬಿಕೆಯ ಕೊರತೆಯಲ್ಲ, ನಂಬಿಕೆಯ ಮಾನ. ವಿಮೋಚನಕಾಂಡ 15ರಲ್ಲಿ ಮಿರ್ಯಾಮಳು ಸಮುದ್ರ ದಾಟಿದ ಮೇಲೆ ದಮ್ಮಡಿಯನ್ನು ಕೈಗೆತ್ತಿಕೊಳ್ಳುತ್ತಾಳೆ. ವಾದ್ಯವನ್ನು ಕೆಳಗಿಡುವುದೂ ಕೈಗೆತ್ತಿಕೊಳ್ಳುವುದೂ ಬಿಡುಗಡೆಯಾದವರ ಸ್ವಾತಂತ್ರ್ಯಕ್ಕೆ ಸೇರಿದ್ದು.

7. ಸಭೆಯ ಮುಂದಿರುವ ಹೊಣೆ

1981ರಲ್ಲಿ ಅರವಿಂದ ನಿರ್ಮಲ್ ಅವರು ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ನೀಡಿದ ಉಪನ್ಯಾಸದಿಂದ ದಲಿತ ದೇವಶಾಸ್ತ್ರದ ಚರ್ಚೆ ಆರಂಭವಾಯಿತು. 1998ರಲ್ಲಿ ಸತ್ಯನಾಥನ್ ಕ್ಲಾರ್ಕ್ ಅವರು ತಮಿಳುನಾಡಿನ ಪರಯರ ಡೋಲನ್ನು ಕ್ರಿಸ್ತನನ್ನು ಅರಿಯುವ ಸಂಕೇತವಾಗಿ ಪರಿಶೀಲಿಸಿದರು. ಬರಹವಿಲ್ಲದ ಜನರ ದೈವಾನುಭವವು ವಾದ್ಯದಲ್ಲಿ ನೆಲೆಸಿದೆ ಎಂಬ ಅವರ ಒಳನೋಟ ನಮಗೆ ಬೆಲೆಯುಳ್ಳದ್ದು. ಆದರೆ ಕೊರಗರ ವಿಷಯದಲ್ಲಿ ಆ ಸಂಕೇತವನ್ನು ನಾವು ಅವಸರದಿಂದ ಬಳಸಬಾರದು. ಸಮುದಾಯವೇ ಇನ್ನೂ ಚರ್ಚಿಸುತ್ತಿರುವ ವಾದ್ಯವನ್ನು ನಾವು ನಮ್ಮ ದೇವಶಾಸ್ತ್ರದ ಅಲಂಕಾರವಾಗಿ ಎತ್ತಿಕೊಂಡರೆ ಅದೂ ಒಂದು ಬಗೆಯ ಕಸಿದುಕೊಳ್ಳುವಿಕೆಯಾದೀತು.

ಇದು ಪುಸ್ತಕದ ಮಾತಲ್ಲ. ಸಭೆಗಳ ಜುಬಿಲಿ, ಧರ್ಮಾಧ್ಯಕ್ಷರ ಸ್ವಾಗತ, ಶಾಲೆಗಳ ವಾರ್ಷಿಕೋತ್ಸವ ಮುಂತಾದ ಸಂದರ್ಭಗಳಲ್ಲಿ ಮೆರವಣಿಗೆಯ ಮುಂದೆ ಡೋಲಿನ ತಂಡವನ್ನು ಕರೆಯಿಸುವ ವಿಚಾರ ಬಂದಾಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಸರಳವಾಗಿವೆ. ಅವರಿಗೆ ನ್ಯಾಯವಾದ ಸಂಭಾವನೆ ನಿಶ್ಚಯವಾಗಿದೆಯೇ? ಮೆರವಣಿಗೆ ಮುಗಿದ ಮೇಲೆ ಅವರು ನಮ್ಮ ಜೊತೆ ಅದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆಯೇ, ಇಲ್ಲವೇ ಹಿತ್ತಿಲಲ್ಲಿ ಪೊಟ್ಟಣ ಪಡೆದು ಹೋಗುತ್ತಾರೆಯೇ? ಬೇಡವೆಂದು ಹೇಳುವ ಸ್ವಾತಂತ್ರ್ಯ ಅವರಿಗಿತ್ತೇ? ಈ ಮೂರರಲ್ಲಿ ಒಂದಕ್ಕೂ ಉತ್ತರ ತಪ್ಪಿದರೆ, ನಾವು ಶಿಲುಬೆಯ ನೆರಳಿನಲ್ಲಿ ಅಜಲನ್ನೇ ಮುಂದುವರಿಸಿದಂತೆ. ವೀಣೆಗಳ ಸ್ವರವನ್ನು ಕೇಳಲೊಲ್ಲೆನೆಂದು, ನ್ಯಾಯವು ಹೊಳೆಯಂತೆ ಹರಿಯಲೆಂದು ಆಮೋಸನ ಮೂಲಕ ನುಡಿದ ದೇವರು ನಮ್ಮ ಡೋಲಿನ ಆರಾಧನೆಯನ್ನೂ ಅದೇ ಅಳತೆಯಲ್ಲಿ ಅಳೆಯುವನು.

ಎರಡನೆಯದಾಗಿ, ಗುರುತಿನ ಪ್ರಶ್ನೆಯಿದೆ. 1950ರ ರಾಷ್ಟ್ರಪತಿಗಳ ಆದೇಶದಂತೆ ಕ್ರೈಸ್ತನಾದ ದಲಿತನು ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಕಳೆದುಕೊಳ್ಳುತ್ತಾನೆ. ಪರಿಶಿಷ್ಟ ಪಂಗಡಗಳಿಗೆ ಅಂಥ ಮತದ ಷರತ್ತಿಲ್ಲ. ಆದುದರಿಂದ ಕೊರಗನು ಯಾವ ಮತವನ್ನು ಅನುಸರಿಸಿದರೂ ಕಾನೂನಿನ ಕಣ್ಣಿನಲ್ಲಿ ಕೊರಗನಾಗಿಯೇ ಉಳಿಯುತ್ತಾನೆ. ಸಭೆಯು ಅವನನ್ನು ಹಾಗೆ ಉಳಿಯಗೊಡುತ್ತದೆಯೇ? ಅವನ ಭಾಷೆಯಲ್ಲಿ ಒಂದು ಪ್ರಾರ್ಥನೆಯನ್ನಾದರೂ ನಮ್ಮ ಸೆಮಿನರಿಗಳಲ್ಲಿ ಕಲಿಯುತ್ತೇವೆಯೇ? ಅಥವಾ ಪೇಟೆಯ ಸಭೆಯಲ್ಲಿ ಹಿಂದಿನ ಬೆಂಚು ತುಂಬಿಸಲು ಅವನು ತನ್ನ ಹೆಸರನ್ನೂ ನೆನಪನ್ನೂ ಬಿಟ್ಟುಬರಬೇಕೆಂದು ಬಯಸುತ್ತೇವೆಯೇ?

ಮೂರನೆಯದಾಗಿ, ಭೂಮಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸುತ್ತ ಸಭೆಗಳಿಗೆ ಜಮೀನಿದೆ, ಶಾಲೆಗಳಿವೆ, ಅಧಿಕಾರಿಗಳ ಬಾಗಿಲು ತಟ್ಟುವ ಪ್ರಭಾವವಿದೆ. ಕೊರಗರ ಭೂಮಿಯ ಬೇಡಿಕೆಯ ಪಕ್ಕದಲ್ಲಿ ಸಾಕ್ಷಿಗಳಾಗಿ ನಿಲ್ಲುವುದಕ್ಕೆ ಇಷ್ಟು ಸಾಕು. ಮುಂದಾಳತ್ವ ಅವರದೇ ಇರಲಿ.

ಇಬ್ರಿಯರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವು ಯೇಸು ಪಟ್ಟಣದ ಬಾಗಿಲಿನ ಹೊರಗೆ ಬಾಧೆಪಟ್ಟನೆಂದೂ ನಾವು ಅಲ್ಲಿಗೆ ಹೊರಟುಹೋಗಬೇಕೆಂದೂ ಬೋಧಿಸುತ್ತದೆ. ಬುಕಾನನ್ ನಡೆದ ದಾರಿಯ ಬದಿಯಲ್ಲಿ ಆ ಹೊರಗು ಇನ್ನೂ ಇದೆ. ಮುಂದಿನ ಆಗಸ್ಟ್ 18ರಂದು ಅಲ್ಲಿ ಡೋಲು ನುಡಿದಾಗ, ನಮ್ಮ ಸೆಮಿನರಿಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ, ಭಾಷಣಕ್ಕೆ ಆಮಂತ್ರಣ ಬಯಸದೆ, ಕೇಳುವವರ ನಡುವೆ ಕೂತು ಕೇಳಲಿ. ಸುವಾರ್ತೆಯನ್ನು ಸಾರುವ ಮೊದಲು ಅದನ್ನು ಕೇಳಿಸಿಕೊಳ್ಳಲು ಕಲಿಯುವುದು ಅಲ್ಲಿಂದಲೇ ಆರಂಭವಾಗಬಹುದು.